ಬೈದು ಉಳಿಸಲು ಹೊರಟ ಅಧ್ಯಾಯ

ನನ್ನ ಸೋದರಮಾವ ಕಮ್ಯುನಿಸ್ಟ್ ಪಕ್ಷದ ಪ್ರಕಾಶನದಲ್ಲಿ ಅನುವಾದಕ. ಹಳೆಯ ರಷ್ಯನ್ ಕಾದಂಬರಿಗಳೆಲ್ಲ ಅವನ ಪಾಲಿಗೆ. ಮುನ್ನುಡಿಯಿಲ್ಲದೆ ಯಾವ ಕಾದಂಬರಿಯೂ ಅಲ್ಲಿಂದ ಹೊರಬೀಳುವಂತಿರಲಿಲ್ಲ. ಲೇಖಕ ಹುಟ್ಟಿದ್ದು ಜಮೀನ್ದಾರರ ಮನೆಯಲ್ಲಾದರೂ ಮನಸ್ಸಿದ್ದದ್ದು ದುಡಿಯುವವರ ಕಡೆಗೇ, ಕ್ರಾಂತಿಗೆ ಮೊದಲೇ ಸತ್ತದ್ದು ಅವನ ತಪ್ಪಲ್ಲ ಎಂದು ಮಾವ ಬರೆದುಕೊಡುತ್ತಿದ್ದ. ಹೀಗೆ ಎಷ್ಟು ಜನ ಸತ್ತವರನ್ನು ಪಕ್ಷಕ್ಕೆ ಸೇರಿಸಿದನೋ!

"ಇನ್ನು ಅವರ ಸಹಿ ಒಂದು ಬಾಕಿ," ಎಂದು ಅತ್ತೆ ರೇಗಿಸುತ್ತಿದ್ದಳು.

ಒಂದು ಕಾದಂಬರಿಯಲ್ಲಿ ಮಾತ್ರ ಸಿಕ್ಕಿಬಿದ್ದ. ಅದರ ಹನ್ನೆರಡನೇ ಅಧ್ಯಾಯದಲ್ಲಿ ಜಮೀನ್ದಾರಿಣಿಯೊಬ್ಬಳು ಸಾಯಲಿರುವ ತನ್ನ ಅಡುಗೆಯವಳ ತಲೆ ಬಾಚುತ್ತ, ಇವಳನ್ನು ಉಳಿಸಪ್ಪಾ ಎಂದು ದೇವರನ್ನು ಬೇಡಿಕೊಳ್ಳುತ್ತಾಳೆ. ಜಮೀನ್ದಾರಿಣಿ ಒಳ್ಳೆಯವಳು, ಸಾಲದ್ದಕ್ಕೆ ದೇವರು ಬೇರೆ. ಪ್ರಕಾಶನ ಸಮಿತಿ ಕತ್ತರಿ ಹಿಡಿದು ಕೂತಿದ್ದದ್ದು ಇಂಥದ್ದಕ್ಕೇ. ಮಾವನೋ, ಅನುವಾದಿಸುವಾಗ ಅದೇ ಪುಟಗಳ ಮೇಲೆ ಅತ್ತಿದ್ದ.

"ಈ ಏಳು ಪುಟಕ್ಕೋಸ್ಕರ ಉಳಿದ ಆರ್ನೂರು ಪುಟ ಮಾಡಿದೀನಿ ಕಣೆ," ಅಂದ ನನಗೆ. "ಇದು ಹೋದ್ರೆ ಪುಸ್ತಕದಲ್ಲಿ ನನ್ನದು ಅನ್ನೋದೇ ಇರಲ್ಲ."

ಹಾಗಾಗಿ ತಲೆ ಓಡಿಸಿದ. ತಾನೇ ಮೊದಲು ಬೈದುಬಿಟ್ಟರೆ ಸಮಿತಿ ಅಧ್ಯಾಯದ ತಂಟೆಗೆ ಬರುವುದಿಲ್ಲವಲ್ಲ! ಮುನ್ನುಡಿಯಲ್ಲಿ ಹನ್ನೊಂದು ಪುಟ ಅದರ ಜನ್ಮ ಜಾಲಾಡಿದ.

ಸಮಿತಿಯವರು ಮುನ್ನುಡಿ ಬಿಟ್ಟು ಬೇರೇನೂ ಓದುವವರಲ್ಲ. ಓದಿ ಮಾವನ ಬೆನ್ನು ತಟ್ಟಿದರು. ಇಷ್ಟು ಕೆಟ್ಟ ಅಧ್ಯಾಯ ಜನರ ಕೈಗೆ ಹೋಗಬಾರದೆಂದು ತೆಗೆಸಿದರು. ಮುನ್ನುಡಿ ಬಹಳ ಚೆನ್ನಾಗಿದೆಯೆಂದು ಹಾಗೇ ಉಳಿಸಿದರು. ಇಲ್ಲದ ಅಧ್ಯಾಯಕ್ಕೆ ಹನ್ನೊಂದು ಪುಟ ಬೈಗುಳ ಹೊತ್ತು ಪುಸ್ತಕ ಅಂಗಡಿಗೆ ಬಂತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಎರಡು ದಿನ ಊಟ ಬಿಟ್ಟ ಮೇಲೆ ನನಗೂ ನಗು ಬರಲಿಲ್ಲ.

ತಿಂಗಳು ಕಳೆದ ಮೇಲೆ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದರು. ಓದುಗರಿಂದ ರಾಶಿ ಪತ್ರ ಬಂದಿತ್ತಂತೆ. ಎಲ್ಲರಿಗೂ ಆ ಅಧ್ಯಾಯವೇ ಬೇಕು.

"ಅಂಥದ್ದೇನಿದೆ ಅದ್ರಲ್ಲಿ? ಓದಿ, ಕೇಳೋಣ," ಅಂದರು.

ಮಾವ ಹಸ್ತಪ್ರತಿ ತೆಗೆದು ಓದಿದ. ಅಡುಗೆಯವಳ ಕೂದಲ ಸಿಕ್ಕು ಬಿಡಿಸುವ ಜಾಗಕ್ಕೆ ಬಂದಾಗ ಕಾರ್ಯದರ್ಶಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

"ಇದನ್ನ ಯಾಕೆ ಹಾಗೆ ಬೈದ್ರಿ?" ಕೇಳಿದರು, ದನಿ ಸರಿಯಾದ ಮೇಲೆ.

"ಉಳಿಸ್ಕೊಳ್ಳೋಕೆ."

"ಒಂದ್ಸಲ ಓದಿ ನೋಡಿ ಅಂತ ನನಗೆ ಹೇಳಬಹುದಿತ್ತಲ್ಲ?"

ಇಬ್ಬರೂ ಇಪ್ಪತ್ತು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ಮಾವ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟ.

"ನೀವು ಅಳೋವ್ರು ಅಂತ ನನಗೆ ಗೊತ್ತಿರ್ಲಿಲ್ಲ," ಅಂದ.