ಆಂಟಿಯ ಶೂ ಕಾಯ್ದ ಗೈಡ್

ಹೋದ ತಿಂಗಳು ಟೀಮ್ ಔಟಿಂಗ್ ಅಂತ ಆಫೀಸಿನೋರು ನಮ್ಮನ್ನೆಲ್ಲ ಮ್ಯಾಕ್ವೆರಿ ಪಾರ್ಕಲ್ಲಿ ಮೆಟ್ರೋ ಹತ್ತಿಸಿ ಸಿಡ್ನಿ ಸಿಟಿಗೆ ಕರ್ಕೊಂಡು ಹೋದ್ರು. ವಾಕಿಂಗ್ ಟೂರ್ ಅಂತೆ. ಒಂದು ಹಳೇ ಬಿಲ್ಡಿಂಗ್ ಮುಂದೆ ನಿಲ್ಸಿ ಗೈಡು ಕಂಬದ ಬಗ್ಗೆ, ಕಮಾನಿನ ಬಗ್ಗೆ ಹೇಳ್ತಾನೇ ಇದ್ಲು. ನಾನು ಆಕಳಿಸ್ತಾ ನಿಂತಿದ್ದೆ. ಆಗ ಪಕ್ಕದ ಬೆಂಚಲ್ಲಿ ಯಾರೋ ವಯಸ್ಸಾದೋರು ಮಂಡಿಗೆ ಮುಲಾಮು ಹಚ್ಕೊಂಡ್ರು. ಆ ಘಾಟು ಮೂಗಿಗೆ ಬಡೀತು ನೋಡಿ... ಮೆಲ್ಬರ್ನಿನ ಪಕ್ಕದ್ಮನೆ ಆಂಟಿ ನೆನಪಾದ್ರು. ನೆನಪಾದ್ರು ಅನ್ನೋದಕ್ಕಿಂತ, ಹಳೇ ಸಿಟ್ಟು ಮತ್ತೆ ಬಂತು ಅನ್ನೋದೇ ಸರಿ.

ಆಗ ನಾನು ಮೆಲ್ಬರ್ನಿನ ಅಂಚಲ್ಲಿರೋ ಟ್ರುಗನಿನಾದಲ್ಲಿ ಒಂದು ರೂಮ್ ರೆಂಟ್‌ಗೆ ತಗೊಂಡು ಕೆಲಸ ಹುಡುಕ್ತಿದ್ದೆ. ಹುಡುಕ್ತಿದ್ದೆ ಅಂದ್ರೆ, ಲ್ಯಾಪ್‌ಟಾಪ್ ತೆಗೆದಿಟ್ಕೊಂಡು ಅದರ ಮುಂದೆ ನಿದ್ದೆ ಮಾಡ್ತಿದ್ದೆ. ಪಕ್ಕದ್ಮನೆ ಆಂಟಿ ಉಡುಪಿ ಕಡೆಯವರು, ಮಗನ ಮನೇಲಿದ್ರು. ಮಗ ಎಲ್ರಿಗೂ ಯೂರೋಪ್ ಟ್ರಿಪ್ ಬುಕ್ ಮಾಡಿದ್ದ. ರೋಮಲ್ಲಿ ಒಂದು ಬೆಳಗ್ಗೆ ಪೂರ್ತಿ ಗೈಡ್ ಜೊತೆ ನಡ್ಕೊಂಡು ಹಳೇ ಊರು ನೋಡೋದು. ಆದ್ರೆ ಅಮ್ಮಂಗೆ ಮಂಡಿನೋವು, ಅವ್ರು ಬಸ್ಸಲ್ಲಿ ಕೂತು ನೋಡ್ಲಿ ಅಂತ ತಾನೇ ತೀರ್ಮಾನ ಮಾಡ್ಬಿಟ್ಟಿದ್ದ. ಆಂಟಿ ಹಠ ಹಿಡಿದ್ರು. ಕೊನೆಗೆ ಅಮ್ಮ-ಮಗನಿಗೆ ಒಂದು ಮಾತಾಯ್ತು. ಮೆಲ್ಬರ್ನ್ ಸಿಟೀಲಿ ಅಷ್ಟೇ ಉದ್ದದ ಟೂರನ್ನ ಆಂಟಿ ನಡೆದು ಮುಗಿಸಿದ್ರೆ, ರೋಮಲ್ಲೂ ನಡೀಬಹುದು.

ಪ್ರಾಕ್ಟೀಸ್‌ಗೆ ಒಬ್ಬ ಗೈಡ್ ಬೇಕಿತ್ತು. ಇಡೀ ಬೀದೀಲಿ ಕೆಲಸ ಇಲ್ಲದೋನು ನಾನೊಬ್ನೇ. ಸಂಬಳ ಅಂದ್ರೆ ನೀರ್‌ದೋಸೆ.

ದಿನಾ ಬೆಳಗ್ಗೆ ಟೂರ್ ಗೈಡುಗಳ ಥರ ಕೊಡೆ ಮೇಲೆತ್ಕೊಂಡು ಮುಂದೆ ನಾನು, ಮುಲಾಮು ವಾಸನೆ ಬೀರ್ತಾ ಹೊಸ ಗುಲಾಬಿ ಬಣ್ಣದ ಶೂ ಹಾಕ್ಕೊಂಡು ಹಿಂದೆ ಆಂಟಿ. ನಾನು ಮೊಬೈಲ್ ನೋಡ್ಕೊಂಡು ರೋಮ್ ಚರಿತ್ರೆ ಓದ್ತಿದ್ದೆ. ಆ ಸಬರ್ಬಲ್ಲಿ ಮನೆಗಳೆಲ್ಲ ಒಂದೇ ಥರ, ಅದಕ್ಕೇ ಒಂದು ಟೈರ್ ಗೋಡೌನನ್ನ ಕೊಲೋಸಿಯಮ್ ಮಾಡಿದೆ. ಮಾರನೇ ದಿನ ಮರ್ತು ಅದನ್ನೇ ಚರ್ಚ್ ಮಾಡಿದೆ.

"ನಿನ್ನೆ ಇಲ್ಲಿ ಸಿಂಹ ಜನರನ್ನ ತಿಂತಾ ಇತ್ತಲ್ಲ ಮಾರಾಯ, ಇವತ್ತು ಪಾದ್ರಿ ಎಲ್ಲಿಂದ ಬಂದ್ರು?"

ಸಿಂಹ ರಿಟೈರ್ ಆಯ್ತು ಆಂಟಿ ಅಂದೆ.

ನನ್ನ ತಲೆ ಕೆಟ್ಟಿದ್ದು ಅವರ ಪ್ರದಕ್ಷಿಣೆಯಿಂದ. ಯಾವ ದೊಡ್ಡ ಕಟ್ಟಡ ಕಂಡ್ರೂ ಎಡಗಡೆಯಿಂದ ಹೊರಟು ಒಂದು ಸುತ್ತು ಬರ್ಲೇಬೇಕು. ಟೂರಲ್ಲಿ ಎಲ್ರೂ ಮುಂಭಾಗ ನೋಡಿ ಹೊರಟು ಹೋಗ್ತಾರೆ, ನೀವು ಸುತ್ತು ಹಾಕ್ತಾ ಕೂತ್ರೆ ಗುಂಪು ತಪ್ಪುತ್ತೆ ಅಂತ ಎಷ್ಟು ಬಾಯಿ ಬಡ್ಕೊಂಡ್ರೂ ಕೇಳೋರಲ್ಲ.

"ನಮ್ಮ ಉಡುಪಿಯಲ್ಲಿ ದೇವರನ್ನ ನೋಡುವುದೇ ಹಿಂದಿನ ಕಿಂಡಿಯಲ್ಲಿ" ಅಂದ್ರು ಒಂದ್ಸಲ. "ಮುಂದೆ ಎಲ್ಲರೂ ಚಂದ ಮಾಡಿ ಇಡ್ತಾರೆ. ಹಿಂದೆ ಎಂತ ಉಂಟು ಅಂತ ನೋಡುದು ಬೇಡ್ವಾ?"

ಗೋಡೌನ್ ಹಿಂದೆ ಇದ್ದದ್ದು ಒಬ್ಬ ಸೆಕ್ಯುರಿಟಿ. ಮೋಡಾನೇ ಇಲ್ಲದ ದಿನ ಕೊಡೆ ಎತ್ಕೊಂಡು ಬಂದಿರೋ ನನ್ನನ್ನ ನೋಡಿ, ಇಲ್ಲಿ ಏನ್ ಮಾಡ್ತಿದ್ದೀಯ ಅಂದ. ರೋಮ್ ತೋರಿಸ್ತಿದ್ದೀನಿ ಅಂದೆ. ಪಾಪ, ಕುಡಿಯೋಕೆ ನೀರು ಬೇಕಾ ಅಂತ ಕೇಳ್ದ.

ಅಂತೂ ಸಿಟೀಲಿ ಟೆಸ್ಟ್ ದಿನ ಬಂತು. ಈ ಸಲ ನಿಜವಾದ ಗೈಡು, ಆಂಟಿ ಜೊತೆಗೆ ನಾನೂ ಗುಂಪಲ್ಲಿದ್ದೆ. ಟೂರು ಮುಗಿಯೋ ಜಾಗದಲ್ಲಿ, ನದಿ ಪಕ್ಕ, ಮಗ ಕಾಯ್ತಿರ್ತೀನಿ ಅಂದಿದ್ದ. ಆಂಟಿ ಒಂದ್ಸಲಾನೂ ಕೂರ್ಲಿಲ್ಲ, ಉಸ್ಸಪ್ಪಾ ಅನ್ಲಿಲ್ಲ. ಓಣಿ, ಹಳೇ ಬ್ಯಾಂಕು, ಗಡಿಯಾರದ ಗೋಪುರ ಎಲ್ಲ ಆಯ್ತು. ಆಮೇಲೆ ಆ ದೊಡ್ಡ ಕಲ್ಲಿನ ಚರ್ಚ್ ಬಂತು. ಗೈಡು ಕಿಟಕಿ ಗಾಜಿನ ಬಗ್ಗೆ ಶುರು ಮಾಡಿದ್ದೇ ತಡ, ಆಂಟಿ ಶೂ ಬಿಚ್ಚಿದ್ರು. ಬೇಡ ಆಂಟಿ, ದಮ್ಮಯ್ಯ ಅಂದೆ. ಹ್ಯಾಂಡ್‌ಬ್ಯಾಗು ನನ್ನ ಕೊರಳಿಗೆ ಹಾಕಿ, "ದೇವರು ಯಾರದ್ದಾದ್ರೆ ಎಂತ, ಒಂದು ಸುತ್ತು ಬರ್ತೇನೆ. ಶೂ ನೋಡಿಕೊ" ಅಂದು ಸಾಕ್ಸಲ್ಲೇ ಹೊರಟ್ರು.

ನಾನು ಕಾದೆ. ಗುಂಪು ಹೋಯ್ತು. ಆಂಟಿ ಬರ್ಲಿಲ್ಲ. ಫೋನ್ ಮಾಡಿದ್ರೆ ನನ್ನ ಕೊರಳಲ್ಲಿದ್ದ ಬ್ಯಾಗೇ ರಿಂಗ್ ಆಯ್ತು. ಶೂ ಬಿಟ್ಟು ಹುಡುಕೋಕೆ ಹೋದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ, ಥೇಟ್ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನೋನ ಥರ ಅಲ್ಲೇ ಕೂತೆ. ಶೂನ ಕೈಯಲ್ಲೇ ಎತ್ಕೊಂಡು ಹೋಗಬಹುದು ಅಂತ ಹೊಳೀಬೇಕಾದ್ರೆ ತುಂಬಾ ಹೊತ್ತಾಗಿತ್ತು. ಇಂಜಿನಿಯರಿಂಗ್ ಓದಿದ ತಲೆ ಅಲ್ವಾ...

ಎರಡು ಕೈಯಲ್ಲಿ ಎರಡು ಗುಲಾಬಿ ಶೂ ಹಿಡ್ಕೊಂಡು ನದಿ ಹತ್ರ ಓಡಿ ಬಂದೆ. ನೋಡಿದ್ರೆ ಆಂಟಿ ಆರಾಮಾಗಿ ನಿಂತಿದ್ದಾರೆ. ಚರ್ಚ್ ಹಿಂದುಗಡೆ ಗುಂಪು ಸಿಕ್ತಂತೆ, ಅದರ ಜೊತೆಗೇ ಪೂರ್ತಿ ನಡೆದು ಮುಗಿಸಿದ್ರಂತೆ, ಸಾಕ್ಸಲ್ಲಿ. ಮಗ ಆ ಸಾಕ್ಸನ್ನೇ ನೋಡ್ತಿದ್ದ.

"ರೋಮಲ್ಲಿ ಹೀಗೆ ಕಳೆದುಹೋದ್ರೆ ನಾನು ಎಲ್ಲಿ ಹುಡುಕ್ಲಿ ಅಮ್ಮ?"

"ಕಳೆದುಹೋದದ್ದು ಇವ. ನಾನು ಇಲ್ಲೇ ಇದ್ದೇನಲ್ಲ."

ನಾನೂ ಬಾಯಿ ಹಾಕಿದೆ. ನೋಡಿ ಅಣ್ಣ, ಶೂ ಇಲ್ದೇನೇ ಇಷ್ಟು ನಡೆದಿದ್ದಾರೆ, ಶೂ ಇದ್ದಿದ್ರೆ ಇನ್ನೆಷ್ಟು ನಡೀತಿದ್ರು ಅಂದೆ. ಅವನು ನನ್ನನ್ನ ನೋಡಿದ ನೋಟ ಈಗ್ಲೂ ಕಣ್ಮುಂದೆ ಇದೆ. ಅಮ್ಮಂಗೆ ರೋಮಿನ ಬಸ್ ಟಿಕೆಟ್ ಅಲ್ಲೇ ನಿಂತು ಮೊಬೈಲಲ್ಲಿ ಬುಕ್ ಮಾಡ್ದ. ನಡೀತೀನಿ ಅಂತ ಅಂದ್ರು, ನಡೆದೂ ತೋರಿಸಿದ್ರು. ಇನ್ನೇನು ಬೇಕಿತ್ತು ಆ ಮನುಷ್ಯಂಗೆ? ಕಾರಲ್ಲಿ ವಾಪಸ್ ಬರೋವಾಗ ಆಂಟಿ ಇನ್ನೂ ಸಾಕ್ಸಲ್ಲೇ ಇದ್ರು. ಶೂ ಮಡಿಲಲ್ಲೇ ಇತ್ತು.

ಟ್ರಿಪ್ಪಿಂದ ಬಂದ ಮೇಲೆ ಫೆನ್ಸ್ ಆಚೆಯಿಂದ ನಂಗೊಂದು ಫ್ರಿಜ್ ಮ್ಯಾಗ್ನೆಟ್ ಕೊಟ್ರು. ಹೇಗಿತ್ತು ರೋಮ್ ಅಂದೆ.

"ಚಂದ ಉಂಟು. ಬಸ್ಸಿನಿಂದ ಎಲ್ಲ ಮುಂದಿನಿಂದಲೇ ಕಂಡದ್ದು..." ಅಂದು ಒಳಗೆ ಹೋದ್ರು.

ಆಮೇಲೆ ನನಗೆ ಸಿಡ್ನೀಲಿ ಕೆಲಸ ಸಿಕ್ತು. ಹೋದ ವರ್ಷ ಆಂಟಿ ಹೋಗ್ಬಿಟ್ರು ಅಂತ ಮಗನ ಮೆಸೇಜ್ ಬಂತು. ಅಮ್ಮ ನಿನ್ನ ಸಿಂಹದ ಕಥೆ ಹೇಳಿ ನಗ್ತಿದ್ರು ಅಂತ ಬೇರೆ ಬರ್ದಿದ್ದ. ನೆಮ್ಮದಿಯಾಗಿ ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಬಿಡ್ಲಿಲ್ಲ.

ಸಿಡ್ನಿ ಗೈಡು ಇನ್ನೂ ಕಂಬದಲ್ಲೇ ಇದ್ಲು. ನಾನು ಮೆಲ್ಲಗೆ ಶೂ ಬಿಚ್ಚಿ ಮೆಟ್ಟಿಲ ಪಕ್ಕ ಇಟ್ಟು ಎಡಗಡೆಯಿಂದ ಹೊರಟೆ. ಹಿಂದೆ ಕಸದ ಡಬ್ಬಿಗಳಿದ್ವು, ಏಸಿ ಪೈಪಿಂದ ನೀರು ತೊಟ್ಟಿಕ್ತಿತ್ತು, ಏಪ್ರನ್ ಹಾಕ್ಕೊಂಡ ಒಬ್ಬ ಅಡುಗೆಯೋನು ಗೋಡೆಗೊರಗಿ ಸಿಗರೇಟ್ ಸೇದ್ತಿದ್ದ. ಆಂಟಿಗೆ ಹೇಳಬೇಕಿತ್ತು...

ಸುತ್ತು ಮುಗಿಸಿ ಬರೋ ಹೊತ್ತಿಗೆ ಟೀಮೂ ಇಲ್ಲ, ಗೈಡೂ ಇಲ್ಲ. ಶೂ ಮಾತ್ರ ಇಟ್ಟಲ್ಲೇ ಇತ್ತು. ಕಾಯೋರು ಯಾರೂ ಇರ್ಲಿಲ್ಲ.