ಅವಳ ಕಾದಂಬರಿಗೆ ನಾನು ತಂದ ಸಾಫ್ಟ್‌ವೇರ್

ನನ್ನ ಹೆಂಡತಿಗೆ ಕಾದಂಬರಿ ಬರೆಯುವ ಸಾಫ್ಟ್‌ವೇರ್ ತಂದುಕೊಟ್ಟವನು ನಾನೇ. ಅವಳೇನೂ ಕೇಳಿರಲಿಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ಸೀರೆಯ ಬದಲು ಇದನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿ, ದೊಡ್ಡ ಘನಕಾರ್ಯ ಮಾಡಿದವನಂತೆ ಬೀಗಿದ್ದೆ.

ಅದಕ್ಕೂ ಮೊದಲು ಅವಳ ಕಾದಂಬರಿ ಇದ್ದದ್ದು ಬಾಯಲ್ಲಿ, ಮತ್ತೆ ಮಗಳ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ. ಬೆಸೆಂಟ್ ನಗರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಾ ಕಥೆ ಮುಂದುವರಿಸುತ್ತಿದ್ದಳು. ಅವಳು ಮೈಸೂರಿನ ಕನ್ನಡದಲ್ಲಿ ಹೇಳುವುದು, ಚೆನ್ನೈನಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋಗುವ ಮಗಳು ತಮಿಳಿನಲ್ಲಿ ಪ್ರಶ್ನೆ ಕೇಳುವುದು. ಬ್ಲೌಸ್ ಹೊಲಿಯುವ ಒಬ್ಬ ಹೆಂಗಸಿನ ಕಥೆ ಅದು. ಯಾರೋ ಹೊಲಿಯಲು ಕೊಟ್ಟ ಬ್ಲೌಸನ್ನು ಒಯ್ಯಲು ವರ್ಷವಾದರೂ ಬರುವುದಿಲ್ಲ. ಹೊಲಿದವಳು ಅದನ್ನು ಚೀಲದಲ್ಲಿಟ್ಟುಕೊಂಡು ಕೊಟ್ಟವಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಬರೆದ ಹಾಳೆಗಳೋ ದಿಂಬಿನ ಕೆಳಗೆ, ಅಕ್ಕಿ ಡಬ್ಬದ ಮೇಲೆ, ಎಲ್ಲೆಂದರಲ್ಲಿ. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ದಿನವಿಡೀ ಇತರರ ಕೆಲಸವನ್ನು ಹಂತ ಹಂತವಾಗಿ ವಿಂಗಡಿಸಿ ಕೊಡುವವನು ನಾನು. ಆ ಹಾಳೆಗಳನ್ನು ಕಂಡರೆ ಮೈ ಉರಿಯುತ್ತಿತ್ತು.

ಸಾಫ್ಟ್‌ವೇರಿನಲ್ಲಿ ಪ್ರತಿ ಪಾತ್ರಕ್ಕೊಂದು ಕಾರ್ಡು, ಪ್ರತಿ ದೃಶ್ಯಕ್ಕೊಂದು ಕಾರ್ಡು. ವಯಸ್ಸೆಷ್ಟು, ಮನೆ ಎಲ್ಲಿ, ಈ ಪಾತ್ರಕ್ಕೆ ಏನು ಬೇಕು, ಎಲ್ಲವನ್ನೂ ತುಂಬಬೇಕು. ಕರಡು ಬರೆಯಲು ಬೇರೆ ಜಾಗ. ಮೊದಲು ಕಾರ್ಡುಗಳೆಲ್ಲ ಮುಗಿಯಲಿ, ಕರಡು ಆಮೇಲೆ ಎಂಬ ಕಟ್ಟಳೆ ಸಾಫ್ಟ್‌ವೇರಿನದಲ್ಲ, ನನ್ನದು. ಭಾನುವಾರ ತಿಂಡಿಯಾದ ಮೇಲೆ ಎಷ್ಟು ತುಂಬಿದ್ದಾಳೆ ಎಂದು ನೋಡಲು ಕೂರುತ್ತಿದ್ದೆ. ಹಾಳೆಗಳ ಸಾರಾಂಶ ಕಾರ್ಡಿಗೇರಿದ ಮೇಲೆ ಹಾಳೆಗಳನ್ನು ಹಳೆ ಪೇಪರಿನವನಿಗೆ ಹಾಕಿದವನೂ ನಾನೇ. ಆಗ ಅವಳು ಅಡ್ಡಿ ಮಾಡಲಿಲ್ಲ.

ಒಂದೇ ಒಂದು ಸಲ ಎದುರಾಡಿದ್ದಳು. "ರೀ, ಅವಳಿಗೆ ಏನು ಬೇಕು ಅಂತ ಬರೀತಾ ಬರೀತಾನೇ ನಂಗೆ ಗೊತ್ತಾಗೋದು. ಮೊದ್ಲೇ ಕೇಳಿದ್ರೆ ಏನಂತ ತುಂಬ್ಲಿ?" ಪ್ಲಾನ್ ಇಲ್ಲದೆ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದು ಉಪದೇಶ ಮಾಡಿದೆ. ಎರಡು ವರ್ಷ ಅವಳು ಕಾರ್ಡು ತುಂಬಿದಳು. ಬಾಲ್ಕನಿಯ ಕಥೆ ಕಡಿಮೆಯಾಯಿತು, ಕೊನೆಕೊನೆಗೆ ನಿಂತೇ ಹೋಯಿತು. ಅದು ನನ್ನ ಗಮನಕ್ಕೂ ಬರಲಿಲ್ಲ.

ಹೋದ ವರ್ಷ ಅವಳ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆಯಲ್ಲಿ ಮೂರೇ ದಿನ ಇದ್ದಳು.

ಕಾರ್ಯಗಳೆಲ್ಲ ಮುಗಿದು ನೆಂಟರು ಊರಿಗೆ ಹೊರಟ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕಾದಂಬರಿಯನ್ನಾದರೂ ಅಚ್ಚು ಹಾಕಿಸೋಣ, ಮಗಳ ಕೈಗೆ ತಾಯಿಯದ್ದು ಅಂತ ಏನಾದರೂ ಒಂದು ಇರಲಿ ಎಂಬ ಆಸೆ. ಕಾರ್ಡುಗಳು ಲೆಕ್ಕವಿಲ್ಲದಷ್ಟಿದ್ದವು. ಕಥೆಯ ಹೊಲಿಗೆ ಅಂಗಡಿಯ ಕತ್ತರಿಯ ಹಿಡಿ ಯಾವ ಬಣ್ಣ ಎಂಬುದಕ್ಕೂ ಟಿಪ್ಪಣಿಯಿತ್ತು. ಕರಡಿನ ಜಾಗದಲ್ಲಿ 'ಅಧ್ಯಾಯ ಒಂದು' ಎಂದಿತ್ತು. ಅದರ ಕೆಳಗೆ ಒಂದಕ್ಷರವೂ ಇರಲಿಲ್ಲ. ಅವಳು ಹೋದಾಗ ಜನರ ಮುಂದೆ ತಡೆದುಕೊಂಡಿದ್ದವನು ಅಂದು ಬಾಯಿಬಿಟ್ಟು ಅತ್ತೆ.

ಮಗಳು ಬಂದು ಪಕ್ಕದಲ್ಲಿ ಕೂತಳು. ಕಥೆ ತನಗೆ ಗೊತ್ತು, ಬೇಕಾದರೆ ಹೇಳುತ್ತೇನೆ ಎಂದಳು. ಅಂದಿನಿಂದ ಸಂಜೆ ಹೋಂವರ್ಕ್ ಆದ ಮೇಲೆ ಅವಳು ತಮಿಳಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಟೈಪ್ ಮಾಡುವುದು. ನನ್ನ ಕನ್ನಡ ಆಫೀಸಿನ ಈಮೇಲಿನ ಹಾಗಿತ್ತು, ನನ್ನ ಹೆಂಡತಿಯದ್ದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೂ ಬಿಡಲಿಲ್ಲ. ನಾಲ್ಕನೆಯ ಸಂಜೆ ಟೈಲರ್ ಹೆಂಗಸಿಗೆ ಕೊನೆಗೂ ಆ ಮನೆ ಸಿಕ್ಕಿತು. ಚಪ್ಪಲಿ ಬಿಟ್ಟು, ಚೀಲದಿಂದ ಬ್ಲೌಸ್ ತೆಗೆದು ಕೈಯಲ್ಲಿ ಹಿಡಿದು ಬೆಲ್ ಒತ್ತಿದಳು. ಬಾಗಿಲು ತೆರೆಯಿತು.

ಯಾರು ತೆರೆದರು ಎಂದು ಕೇಳಿದೆ.

ಅಷ್ಟು ದಿನ ತಮಿಳಿನಲ್ಲೇ ಹೇಳುತ್ತಿದ್ದ ಮಗಳು ಇದನ್ನು ಮಾತ್ರ ಕನ್ನಡದಲ್ಲಿ, ತಾಯಿಯ ಧಾಟಿಯಲ್ಲೇ ಹೇಳಿದಳು. "ಅಮ್ಮ ಹೇಳ್ಲೇ ಇಲ್ಲಪ್ಪಾ. ನಾನು ಕೇಳ್ದೆ. 'ಇರು ಕಂದಾ, ಬಾಗ್ಲು ತೆಗೆದವ್ರ ಕಾರ್ಡು ಇನ್ನೂ ಆಗಿಲ್ಲ, ಅದಾಗ್ದೆ ಮುಂದೆ ಹೋಗ್ಬೇಡ ಅಂದಿದಾರೆ ಅಪ್ಪ' ಅಂದ್ಲು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಮುಂದೇನು ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.