ಎದುರುಮನೆ ಅಜ್ಜಿಯ ಅವರೆ ಚಪ್ಪರ

ಮೊನ್ನೆ ಬೆಳಗ್ಗೆ ಹಿತ್ತಲಿನ ಬಳ್ಳಿಯಿಂದ ಒಂದು ಹಿಡಿ ಅವರೆಕಾಯಿ ಕಿತ್ತುಕೊಂಡು ಒಳಗೆ ಬಂದೆ. ಕಾಫಿ ಲೋಟ ಬಾಯಿಯ ಹತ್ತಿರ ತಂದಾಗ ಬೆರಳುಗಳಿಂದ ಒಂದು ವಾಸನೆ ಬಂತು ನೋಡಿ, ಲೋಟವನ್ನು ಹಾಗೇ ಕೆಳಗಿಟ್ಟುಬಿಟ್ಟೆ. ಸೊಗಡು! ಕೈಯೆಲ್ಲ ಜಿಡ್ಡು ಜಿಡ್ಡು. ಚಳಿಗಾಲದಲ್ಲಿ ಮೈಸೂರಿನ ಮಾರ್ಕೆಟ್ಟಿನಲ್ಲಿ ಗೋಣಿಚೀಲದಿಂದ ಅವರೆಕಾಯಿ ಸುರಿದಾಗ ಮೂಗಿಗೆ ಹೊಡೆಯುತ್ತಿತ್ತಲ್ಲ, ಅದೇ. ಅಡುಗೆಮನೆಯಲ್ಲಿ ಒಬ್ಬಳೇ ನಿಂತುಕೊಂಡು, "ಅಜ್ಜೀ, ಬಂತು!" ಎಂದು ಕೂಗಿಯೇಬಿಟ್ಟೆ. ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದ ನನ್ನ ಗಂಡ ಏನಾಯಿತೋ ಎಂದು ಓಡಿಬಂದರು.

ಅಜ್ಜಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ. ಎದುರುಮನೆ ಅಜ್ಜಿ. 2007ನೇ ಇಸವಿ, ನಾವು ಅಟ್ಲಾಂಟಾದ ಹತ್ತಿರ ಜಾನ್ಸ್ ಕ್ರೀಕಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ನನ್ನದು ಗಂಡನ ಬೆನ್ನಿಗಂಟಿದ ವೀಸಾ. ಕೆಲಸ ಮಾಡುವ ಹಾಗಿಲ್ಲ, ಡ್ರೈವಿಂಗ್ ಬರುವುದಿಲ್ಲ. ಬಾಯಿ ಮಾತ್ರ ಜೋರು, ಅದನ್ನು ಕೇಳುವವರು ಯಾರೂ ಇರಲಿಲ್ಲ. ಎದುರಿನ ಮನೆಯ ಗಾಜಿನ ಬಾಗಿಲ ಹಿಂದೆ ದಿನವೂ ಒಬ್ಬರು ಅಜ್ಜಿ ನಿಂತು ರಸ್ತೆ ನೋಡುತ್ತಿದ್ದರು. ಅವರೂ ಕನ್ನಡದವರೇ ಎಂದು ನನ್ನ ಗಂಡ ಹೇಳಿದ್ದರು. ಈ ಕಡೆಯ ಗಾಜಿನ ಹಿಂದೆ ನಾನು. ಅವರು ನನ್ನನ್ನು ನೋಡುವುದು, ನಾನು ಅವರನ್ನು ನೋಡುವುದು, ಇಬ್ಬರೂ ಏನೂ ಕಾಣದವರ ಹಾಗೆ ಒಳಗೆ ಹೋಗುವುದು. ಮೂರು ವಾರ ಹೀಗೇ ನಡೆಯಿತು. ಒಂದು ದಿನ ನನಗೆ ರೇಗಿಹೋಯಿತು. ಚಪ್ಪಲಿ ಮೆಟ್ಟಿಕೊಂಡು ದಾಟಿ ಹೋಗಿ ಬಾಗಿಲು ಬಡಿದೆ. "ಎಷ್ಟು ದಿನ ಅಂತ ಹೀಗೇ ನೋಡ್ಕೊಂಡಿರೋಣ ಅಜ್ಜಿ, ಕಾಫಿ ಕೊಡಿ" ಎಂದೆ. ಅವರು ಮೇಲಿಂದ ಕೆಳಗೆ ನನ್ನನ್ನು ಒಮ್ಮೆ ನೋಡಿ, "ಡಿಕಾಕ್ಷನ್ ತೆಳ್ಳಗಿದೆ, ಪರವಾಗಿಲ್ವಾ?" ಎಂದರು.

ಮಾಗಡಿಯ ಕಡೆಯವರು, ಎಪ್ಪತ್ತೆರಡು ವರ್ಷ. ಗಂಡ ಹೋದ ಮೇಲೆ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದಳು. ಒಳ್ಳೆಯ ಮಗಳು. ಆದರೆ ಅವಳೂ ಅಳಿಯನೂ ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆಯೇ ಬರುವುದು. ಹಗಲೆಲ್ಲ ಅಜ್ಜಿ, ಫ್ರಿಜ್ಜು, ಟಿವಿ. ಮಂಡಿನೋವು ಬೇರೆ. ಇಂಡಿಯನ್ ಅಂಗಡಿಯ ಒಣ ಅವರೆಕಾಳಿನ ಪ್ಯಾಕೆಟ್ಟನ್ನು ಒಡೆದು, ಸಾರಿಗೆ ಹಾಕುವ ಬದಲು ಹಿತ್ತಲಲ್ಲಿ ಊರಿದ್ದರಂತೆ. ನಾನು ಹೋಗುವ ಹೊತ್ತಿಗೆ ಅದು ಮೊಣಕಾಲುದ್ದ ಬೆಳೆದಿತ್ತು. ಅಳಿಯ ಪ್ಲಾಸ್ಟಿಕ್ ಪೈಪು ತಂದು ಚಪ್ಪರ ಹಾಕಿಕೊಟ್ಟ. ಜುಲೈ ಹೊತ್ತಿಗೆ ಬಳ್ಳಿ ಚಪ್ಪರ ತುಂಬಿ ಹಿಂಬಾಗಿಲಿನ ಮರದ ಡೆಕ್ಕಿನ ಕಟಕಟೆಗೂ ಹತ್ತಿತು. ಎಲೆ, ಎಲೆ, ಬರೀ ಎಲೆ! ಒಂದು ಹೂವಿಲ್ಲ. "ಅಜ್ಜಿ, ಇದು ಅವರೆಯಲ್ಲ, ವೀಳ್ಯದೆಲೆ. ಅಡಿಕೆ ತರಿಸೋಣ" ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು, ಆದರೆ ಸಂಜೆ ಒಬ್ಬರೇ ಚಪ್ಪರದ ಕೆಳಗೆ ನಿಂತು ಎಲೆ ಸರಿಸಿ ಸರಿಸಿ ಹುಡುಕುತ್ತಿದ್ದರು.

ಗೌರಿಹಬ್ಬದ ದಿನ ಬಾಗಿನ ಕೊಡಲು ಹೋದೆ. ತಾಯಿ ಮಗಳಿಗೆ ಜಗಳವಾಗಿತ್ತು. ಡಿಸೆಂಬರಿಗೆ ಟಿಕೆಟ್ ತೆಗಿ, ತಂಗಿಯ ಮನೆಯಲ್ಲಿ ಇದ್ದುಬಿಡುತ್ತೇನೆ ಎಂದು ಅಜ್ಜಿ ಹಟ ಹಿಡಿದಿದ್ದರು. ಮಗಳ ಕಣ್ಣು ಕೆಂಪಾಗಿತ್ತು. ನಾನು ಸುಮ್ಮನಿರಬೇಕು ತಾನೇ? ಇಲ್ಲ! "ಇಲ್ಲೇನು ಕಮ್ಮಿಯಾಗಿದೆ ಅಜ್ಜಿ ನಿಮಗೆ?" ಎಂದೆ.

"ಏನ್ ಕಮ್ಮಿಯಾ? ಬಾಗಿಲು ತೆಗೆದಿಟ್ರೆ ಒಂದು ನರಪಿಳ್ಳೆ ಒಳಗೆ ಬರಲ್ಲ ಇಲ್ಲಿ. ಮಣ್ಣಲ್ಲಿ ಸಾರ ಇಲ್ಲ, ಮನುಷ್ಯರಲ್ಲಿ ಮಾತಿಲ್ಲ" ಎಂದರು. ಆಮೇಲೆ ಹಿತ್ತಲ ಕಡೆ ಕೈ ತೋರಿಸಿದರು. "ಅದ್ರಲ್ಲಿ ಸೊಗಡಿರೋ ಅವರೆಕಾಯಿ ಬಿಡ್ಲಿ, ನಾನು ಇದ್ದುಬಿಡ್ತೀನಿ. ಇಲ್ಲಾಂದ್ರೆ ನನ್ನ ಕಳಿಸಿಬಿಡಿ."

ಮಗಳು ಟಿಕೆಟ್ ತೆಗೆದಳು, ಬೇರೆ ದಾರಿಯಿರಲಿಲ್ಲ. ಅಜ್ಜಿ ಹೋಗಿಬಿಟ್ಟರೆ ನಾನು ಮತ್ತೆ ಗಾಜಿನ ಹಿಂದೆ... ಆ ದಿನದಿಂದ ಆ ಬಳ್ಳಿ ಅಜ್ಜಿಯದಷ್ಟೇ ಅಲ್ಲ, ನನ್ನದೂ ಆಯಿತು.

ಸೆಪ್ಟೆಂಬರಿನ ಕೊನೆಯ ವಾರ ಫೋನ್ ಬಂತು. "ಬೇಗ ಬಾರೇ!" ಅಷ್ಟೇ. ನಾನು ಬರಿಗಾಲಲ್ಲೇ ಓಡಿದೆ. ಗೊಂಚಲು ಗೊಂಚಲು ಬಿಳಿ ಮೊಗ್ಗು! ಹಗಲು ಚಿಕ್ಕದಾಗುವುದನ್ನೇ ಕಾಯುತ್ತಿತ್ತಂತೆ ಅದು. "ನಾನೊಬ್ಬಳು ಪೆದ್ದಿ, ಬೇಸಿಗೇಲಿ ಹೂವು ಕೇಳ್ತಿದ್ದೆ" ಎಂದು ಅಜ್ಜಿ ತಲೆ ಚಚ್ಚಿಕೊಂಡರು. ನಾವಿಬ್ಬರೂ ಕೈ ಹಿಡಿದುಕೊಂಡು ಹುಲ್ಲಿನ ಮೇಲೆ ಕುಣಿದದ್ದನ್ನು ಪಕ್ಕದ ಮನೆಯ ಅಮೆರಿಕನ್ ಹೆಂಗಸು ಬೇಲಿಯ ಮೇಲಿಂದ ನೋಡಿದಳು. ನಾಚಿಕೆಯೇನೂ ಆಗಲಿಲ್ಲ.

ಅದೇ ವಾರ ಸರ್ಕಾರದ ಆಜ್ಞೆಯೂ ಬಂತು. ಆ ವರ್ಷ ಅಲ್ಲಿ ಮಳೆಯೇ ಇರಲಿಲ್ಲ. ಕೆರೆಯ ನೀರು ತಳ ಕಾಣುತ್ತಿದೆ ಎಂದು ಟಿವಿಯಲ್ಲಿ ದಿನವೂ ತೋರಿಸುತ್ತಿದ್ದರು. ಇನ್ನು ಮನೆಯ ಹೊರಗೆ ಪೈಪಿನಲ್ಲಿ ನೀರು ಬಿಡುವ ಹಾಗಿಲ್ಲ ಎಂದರು. ಹುಲ್ಲೆಲ್ಲ ಕಂದಿತು. ಮೊಗ್ಗು ಕಚ್ಚಿದ ಬಳ್ಳಿಗೆ ಈಗಲೇ ನೀರು ಬೇಕು, ಈಗಲೇ ಇಲ್ಲ! ಅಜ್ಜಿ ಒಳಗೆ ಹೋಗಿ ಅಕ್ಕಿ ತೊಳೆದ ನೀರಿನ ಪಾತ್ರೆ ತಂದು ಬುಡಕ್ಕೆ ಹುಯ್ದರು. ಅಕ್ಕಚ್ಚು! ನಾನೂ ನಮ್ಮ ಮನೆಯದನ್ನು ತಂದೆ. ಐದು ಜನರ ಅನ್ನದ ಅಕ್ಕಚ್ಚು ಎಷ್ಟಾದೀತು? ಆ ದೊಡ್ಡ ಬಳ್ಳಿಗೆ ಅದು ಗಂಟಲು ಒದ್ದೆಯಾಗುವಷ್ಟೂ ಅಲ್ಲ.

ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಎಂಟಕ್ಕೆ ಹಿರಿಯರು ಒಬ್ಬೊಬ್ಬರೇ ವಾಕಿಂಗ್ ಹೋಗುತ್ತಿದ್ದರು. ಸೀರೆಗೆ ಸ್ನೀಕರ್ಸ್, ಪಂಚೆಗೆ ಜಾಕೆಟ್. ಒಬ್ಬರು ಇನ್ನೊಬ್ಬರಿಗೆ ತಲೆ ಆಡಿಸಿ ಮುಂದೆ ಹೋಗುವುದು, ಅಷ್ಟೇ. ಅಜ್ಜಿಗೆ ಅವರನ್ನು ಮಾತಾಡಿಸಲು ಬಿಂಕ. "ನಾನು ಯಾರ ಮುಂದೂ ಕೈಯೊಡ್ಡಲ್ಲ" ಎನ್ನುತ್ತಿದ್ದರು. ಕೈಯೊಡ್ಡಲು ನಾನಿರಲಿಲ್ಲವೇ? ಮೊದಲು ಸಿಕ್ಕವರು ಬ್ಯಾಂಕಿನಿಂದ ನಿವೃತ್ತರಾಗಿದ್ದ ಮಂಗಳೂರಿನ ಅಂಕಲ್. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು, ಭಾನುವಾರ ಚರ್ಚು ಬಿಟ್ಟರೆ ಬೇರೆಲ್ಲೂ ಹೋಗುತ್ತಿರಲಿಲ್ಲ. ರಸ್ತೆ ಮಧ್ಯೆ ತಡೆದೆ. "ಅಂಕಲ್, ನಿಮ್ಮನೇಲಿ ದಿನಾ ಅನ್ನ ಮಾಡ್ತೀರಾ?"

"ಇದೆಂತ ಪ್ರಶ್ನೆ ಮಾರಾಯ್ತಿ? ಅನ್ನ ಇಲ್ಲದೆ ಎಂತ ತಿನ್ನುದು?"

ಹಾಗಾದರೆ ಅಜ್ಜಿಯ ಬಳ್ಳಿಗೆ ಅಕ್ಕಿಯ ನೀರು ತಂದುಕೊಡಿ ಎಂದೆ. ಮಾರನೇ ದಿನ ಅವರು ಹಾಲಿನ ಗ್ಯಾಲನ್ ಕ್ಯಾನಿನ ತುಂಬ ತಂದರು ನೋಡಿ, ನನಗೆ ಹೆಮ್ಮೆಯೋ ಹೆಮ್ಮೆ. ಅಜ್ಜಿ ಬುಡಕ್ಕೆ ಬಗ್ಗಿಸುವ ಮುಂಚೆ ಬೆರಳದ್ದಿ ನೆಕ್ಕಿ, "ಅಯ್ಯೋ, ಇದರಲ್ಲಿ ಉಪ್ಪಿದೆಯಲ್ರೀ!" ಎಂದು ಕಿರುಚಿದರು. ಅಂಕಲ್ ತಂದದ್ದು ಕುಚ್ಚಲಕ್ಕಿ ಗಂಜಿಯ ತಿಳಿ. "ಸಪ್ಪೆ ಕೊಡುದು ಹೇಗೆ ಅಕ್ಕ, ಟೇಸ್ಟಿಗೆ ಸ್ವಲ್ಪ ಹಾಕಿದೆ" ಎಂದರು ಪಾಪ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಡೆಕ್ಕಿನ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅಂಕಲ್‌ನ ಮುಂದೆ ಕಾಫಿ ಇಟ್ಟು, ಸೊಗಡು ಎಂದರೆ ಏನು ಎಂದು ಅರ್ಧ ಗಂಟೆ ಪಾಠ ಮಾಡಿದರು.

ಒಂದು ವಾರದಲ್ಲಿ ಏಳು ಮನೆಗಳಾದವು. ಮೈಸೂರಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದ ಆಂಟಿಯೊಬ್ಬರು ಬಂದ ಮೇಲಂತೂ ಎಲ್ಲಕ್ಕೂ ಶಿಸ್ತು. ಎಂಟು ಗಂಟೆ ಎಂದರೆ ಎಂಟು ಗಂಟೆ. ಕ್ಯಾನಿನ ಮೇಲೆ ಮನೆ ನಂಬರು. ತರಕಾರಿ ತೊಳೆದ ನೀರು ನಡೆಯುತ್ತದೆ, ಸೋಪಿನ ನೀರು ನಡೆಯುವುದಿಲ್ಲ. ಬೆಳಗ್ಗೆ ನೋಡಬೇಕಿತ್ತು ನೀವು! ಮಂಕಿಕ್ಯಾಪ್ ಹಾಕಿಕೊಂಡವರು, ಶಾಲು ಹೊದ್ದವರು, ಒಂದೊಂದು ಕೈಯಲ್ಲಿ ಒಂದೊಂದು ಕ್ಯಾನು, ನಾಲ್ಕೂ ಕಡೆಯಿಂದ ಅಜ್ಜಿಯ ಹಿತ್ತಲಿಗೆ ಬರುವವರೇ. ನೀರು ಹುಯ್ಯುವುದು ಐದು ನಿಮಿಷ, ಕಾಫಿ ಒಂದು ಗಂಟೆ. ಬಿ.ಪಿ. ಮಾತ್ರೆಯಿಂದ ಹಿಡಿದು ಸೊಸೆಯಂದಿರ ತನಕ ಮಾತು. ಮೊಗ್ಗು ಹೂವಾಯಿತು, ಹೂವು ಕಾಯಾಯಿತು. ಪ್ರತಿಯೊಬ್ಬರಿಗೂ ಒಂದೊಂದು ಗೊಂಚಲು ತಮ್ಮದೆಂಬ ಹಕ್ಕು!

ದೀಪಾವಳಿ ಕಳೆದು ಒಂದು ವಾರಕ್ಕೆ, ಮರುದಿನ ಬೆಳಗಿನ ಜಾವ ಫ್ರಾಸ್ಟ್ ಬೀಳುತ್ತದೆ ಎಂದು ಟಿವಿಯಲ್ಲಿ ಹೇಳಿದರು. ಹಿಮ ಕೂತರೆ ಬಳ್ಳಿ ಸುಟ್ಟುಹೋಗುತ್ತದೆ. ಕಾಯಿ ಆಗಷ್ಟೇ ತುಂಬಿಕೊಳ್ಳುತ್ತಿತ್ತು, ಅಜ್ಜಿ ಸೊಗಡಿಗಾಗಿ ಇನ್ನೊಂದು ದಿನ ಬಿಡೋಣ ಎಂದರು. ಸಂಜೆ ನಾಲ್ಕಕ್ಕೆ ಎಲ್ಲರೂ ಹಳೇ ಸೀರೆ, ಹೊದಿಕೆ ಹಿಡಿದುಕೊಂಡು ಬಂದರು. ಹೆಡ್‌ಮಿಸ್ಟ್ರೆಸ್ ಆಂಟಿಯ ಸ್ಕೂಲಿನ ಕಾಟನ್ ಸೀರೆಗಳು, ಅಂಕಲ್‌ನ ಬಿಳಿ ಮುಂಡು, ನನ್ನ ಮದುವೆಗೆ ಉಡುಗೊರೆಯಾಗಿ ಬಂದಿದ್ದ, ಯಾರಿಗೂ ಬೇಡದ ಗುಲಾಬಿ ಬಣ್ಣದ ಬೆಡ್‌ಶೀಟು. ಚಪ್ಪರಕ್ಕೆ ಪೂರ್ತಿ ಸೀರೆ ಉಡಿಸಿದೆವು. ಪಕ್ಕದ ಮನೆಯ ಹೆಂಗಸು ಬಂದು ನಿಮ್ಮ ಹಬ್ಬವೇ ಎಂದು ಕೇಳಿದಳು. ಹೌದು ಎಂದೆ. ಅವಳೂ ಒಳಗೆ ಹೋಗಿ ಎರಡು ದೊಡ್ಡ ಟವೆಲ್ ತಂದುಕೊಟ್ಟಳು.

ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಸೀರೆ ಸರಿಸಿದರೆ ಎಲೆಗಳು ಕರ್ರಗೆ ಸುಟ್ಟಿದ್ದವು, ಆದರೆ ಒಳಗಿನ ಕಾಯಿ ಗಟ್ಟಿಯಾಗಿ ಹಸಿರಾಗಿಯೇ ಇತ್ತು! ನಾವೆಲ್ಲ ಓ ಎಂದೆವು. ಅಜ್ಜಿ ಒಂದು ಕಾಯಿ ಕಿತ್ತು ಉಜ್ಜಿ ಮೂಗಿಗೆ ಹಿಡಿದರು. ಇನ್ನೊಂದು ಕಿತ್ತರು. ಮತ್ತೊಂದು... ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಸೊಗಡಿಲ್ಲ ಕಣೇ" ಎಂದರು.

ಅಜ್ಜಿ ಒಳಗೆ ಹೋದರು. ಬಂದ ಮೇಲೆ ಕೆಲಸ ಮುಗಿಸಿಯೇ ಹೋಗಬೇಕು ಎಂದು ಹೆಡ್‌ಮಿಸ್ಟ್ರೆಸ್ ಆಂಟಿ ಗದರಿದ್ದರಿಂದ ಎಲ್ಲರೂ ಗ್ಯಾರೇಜಿನಲ್ಲಿ ಕೂತು ಕಾಯಿ ಬಿಡಿಸಿ ನೆನೆಹಾಕಿದೆವು. ಮರುದಿನ ಕಾಳು ಹಿತಕಿ ಸಾರು ಮಾಡಿದ್ದಾಯಿತು. ತಲೆಗೆ ಒಂದೊಂದು ಸೌಟು ಬಂತು. ಚೆನ್ನಾಗಿತ್ತು, ಸುಳ್ಳೇಕೆ? ಆದರೆ ಅಜ್ಜಿ ಅರ್ಧ ಊಟಕ್ಕೇ ಎದ್ದರು. ಡಿಸೆಂಬರಿನ ಟಿಕೆಟ್ಟು ಫ್ರಿಜ್ಜಿನ ಮೇಲೆ ಅಯಸ್ಕಾಂತ ಕಚ್ಚಿಕೊಂಡು ಹಾಗೇ ಇತ್ತು. ಮನೆಗೆ ಬಂದು ನಾನು ಗಂಡನ ಮೇಲೆ ವಿನಾಕಾರಣ ಕೂಗಾಡಿದೆ.

ಸೋಮವಾರ ಬೆಳಗ್ಗೆ ಸೀರೆಗಳನ್ನು ಮಡಿಸಿಡಲು ಅಜ್ಜಿಯ ಹಿತ್ತಲಿಗೆ ಹೋದೆ. ಎಂಟು ಗಂಟೆಯಾಗಿತ್ತು. ನೋಡಿದರೆ, ಮಂಗಳೂರಿನ ಅಂಕಲ್ ಮಂಕಿಕ್ಯಾಪ್ ಹಾಕಿಕೊಂಡು ಕ್ಯಾನ್ ಹಿಡಿದು ಬರುತ್ತಿದ್ದಾರೆ. ಕ್ಯಾನಿನ ತುಂಬ ಅಕ್ಕಚ್ಚು. "ಅಂಕಲ್, ಬಳ್ಳಿ ಸತ್ತುಹೋಯ್ತಲ್ಲ!" ಎಂದೆ.

"ಗೊತ್ತುಂಟು ಮಾರಾಯ್ತಿ" ಎಂದರು. "ಎಂಟು ಗಂಟೆ ಆಯ್ತಲ್ಲ, ಮನೆಯಲ್ಲಿ ಕೂತು ಎಂತ ಮಾಡುದು?"

ಅವರ ಹಿಂದೆ ಹೆಡ್‌ಮಿಸ್ಟ್ರೆಸ್ ಆಂಟಿ. ಅವರ ಹಿಂದೆ ಇನ್ನೂ ನಾಲ್ವರು. ಎಲ್ಲರ ಕೈಯಲ್ಲೂ ಕ್ಯಾನು! ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಿಕ್ಕಿಬಿದ್ದವರ ಹಾಗೆ ನಿಂತರು. ಅಡುಗೆಮನೆಯ ಕಿಟಕಿಯಿಂದ ಅಜ್ಜಿ ನೋಡುತ್ತಿದ್ದರು. ಬಾಗಿಲು ತೆಗೆದು ಹೊರಗೆ ಬಂದರು. ಸುಟ್ಟ ಬಳ್ಳಿಯನ್ನು ನೋಡಿದರು, ಕ್ಯಾನುಗಳನ್ನು ನೋಡಿದರು.

"ನಿಮಗೇನು ಬುದ್ಧಿಗಿದ್ಧಿ ಇದೆಯೇನ್ರೀ? ಸತ್ತ ಬಳ್ಳಿಗೆ ಯಾರಾದ್ರೂ ನೀರು ಹುಯ್ತಾರಾ?" ಎಂದು ಬೈಯಲು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. "ಕರಿಬೇವಿನ ಕುಂಡಕ್ಕೆ ಹಾಕಿ ಒಳಗೆ ಬನ್ನಿ. ಡಿಕಾಕ್ಷನ್ ಇಳೀತಿದೆ."

ಸಂಜೆ ಮಗಳು ನಮ್ಮ ಮನೆಗೆ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಅಮ್ಮ ಬಲಿತ ನಾಲ್ಕು ಕಾಯಿಗಳನ್ನು ಗ್ಯಾರೇಜಿನಲ್ಲಿ ದಾರ ಕಟ್ಟಿ ನೇತುಹಾಕಿದ್ದಾರಂತೆ, ಬೀಜಕ್ಕೆ. "ಬರೋ ವರ್ಷ ತಡವಾಗಿ ಹಾಕಿ ನೋಡ್ತೀನಿ. ಟಿಕೆಟ್ ಕ್ಯಾನ್ಸಲ್ ಮಾಡ್ಸು" ಎಂದರಂತೆ. ನಾನು ಮತ್ತೆ ಬರಿಗಾಲಲ್ಲೇ ರಸ್ತೆ ದಾಟಿದೆ.

ಮರುವರ್ಷ ಕಾಯಿ ಬಂತು, ಸೊಗಡು ಬರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ಪ್ರತಿ ಸಲ ಮೊದಲ ಕಾಯಿ ಅಜ್ಜಿಯ ಕೈಗೆ ಹೋಗಬೇಕು. ಅವರು ಮೂಸಬೇಕು, ನಾವೆಲ್ಲ ಉಸಿರು ಹಿಡಿದು ನೋಡಬೇಕು, ಅವರು ತಲೆ ಅಲ್ಲಾಡಿಸಿ "ಬರೋ ವರ್ಷ" ಎನ್ನಬೇಕು. ಎಂಟು ಗಂಟೆಯ ಕಾಫಿ ಮಾತ್ರ ಒಂದು ದಿನವೂ ತಪ್ಪಲಿಲ್ಲ... ಎಂಟನೇ ವರ್ಷ, ಬೀಜ ಹಾಕುವ ಮುಂಚೆಯೇ ಒಂದು ಫೆಬ್ರವರಿಯಲ್ಲಿ ಅಜ್ಜಿ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಬೀಜದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಹೆಡ್‌ಮಿಸ್ಟ್ರೆಸ್ ಆಂಟಿ ಮೈಸೂರಿಗೆ ಹೋದರು. ಎದುರುಮನೆ ಮಾರಾಟವಾಗಿ ಎರಡು ಕೈ ಬದಲಾಯಿತು. ನಾನು ಮಾತ್ರ ಪ್ರತಿ ವರ್ಷ ಹಾಕುತ್ತಲೇ ಇದ್ದೆ.

ಮೊನ್ನೆ ಗಂಡನಿಗೆ ಏನೂ ಆಗಿಲ್ಲ ಎಂದು ಹೇಳಿ ಮೇಲೆ ಕಳಿಸಿ, ಕಾಯಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟೆ. ಯಾರಿಗಾದರೂ ತೋರಿಸಲೇಬೇಕಿತ್ತು! ಮಂಗಳೂರಿನ ಅಂಕಲ್ ಈಗಲೂ ಮೂರು ರಸ್ತೆ ಆಚೆ ಮಗಳ ಮನೆಯಲ್ಲೇ ಇದ್ದಾರೆ. ಎಂಬತ್ತು ದಾಟಿದೆ, ಮರೆವು. ಕೆಲವು ಸಲ ನನ್ನ ಗುರುತು ಹತ್ತುತ್ತದೆ, ಕೆಲವು ಸಲ ಇಲ್ಲ. ಮೊನ್ನೆ ಹತ್ತಲಿಲ್ಲ. ಅವರ ಅಂಗೈಯಲ್ಲಿ ಒಂದು ಕಾಯಿ ಇಟ್ಟು ಉಜ್ಜಿ ಮೂಗಿನ ಹತ್ತಿರ ಹಿಡಿದೆ.

ತುಂಬ ಹೊತ್ತು ಮೂಸಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು.

"ಅಕ್ಕನಿಗೆ ತೋರ್ಸಿದ್ಯಾ ಮಾರಾಯ್ತಿ?" ಎಂದರು.

"ಇನ್ನೂ ಇಲ್ಲ ಅಂಕಲ್" ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.